ಶಾರ್ಪ್ಸ್ ಭಕ್ತರಿಗೆ ಒಂದು ಉದ್ದದ ಉತ್ತರ

1/9

ಎರಡು ವಾರದಿಂದ ಒಂದು ರೀಲ್ ನಮ್ಮ ಕ್ಲಾಸ್ ಗ್ರೂಪಲ್ಲಿ ಸುತ್ತುತ್ತಾ ಇದೆ. ‘ಹಳೇ ಕಾಲದ ಟಾಪ್ 5 ರೈಫಲ್’ ಅಂತ. ಕಿವಿ ಹರಿಯೋ ಬಿಜಿಎಂ, ಸ್ಲೋ ಮೋಷನ್ ಹೊಗೆ, ಒಂದನೇ ಸ್ಥಾನಕ್ಕೆ 1874ರ ಶಾರ್ಪ್ಸ್. ಕೊಟ್ಟಿರೋ ಕಾರಣ ಮೂರು: ಸಿನಿಮಾದಲ್ಲಿ ಬಂದಿದೆ, ನೋಡೋಕೆ ಸಖತ್ತಾಗಿದೆ, ಯಾರೋ ಒಬ್ಬ ಅದರಲ್ಲಿ 1538 ಗಜ ದೂರ ಹೊಡೆದಿದ್ದ. ಕೆಳಗೆ ನಮ್ಮವರದ್ದೇ ಕಾಮೆಂಟು, ‘ಬೇರೆ ಎಲ್ಲಾ ಡಬ್ಬಾ ಗುರೂ’.

ನನ್ನ ವಾದ ಮೊದಲೇ ಹೇಳಿಬಿಡ್ತೀನಿ, ಬೈಯೋರು ಆಮೇಲೆ ಬೈಯಬಹುದು. ಟಾರ್ಗೆಟ್ ಶೂಟಿಂಗ್ ಶುರು ಮಾಡೋರಿಗೆ ಶಾರ್ಪ್ಸ್ ರೆಪ್ಲಿಕಾ ಮೊದಲ ಆಯ್ಕೆ ಆಗಬಾರದು. ಅದು ಕೆಟ್ಟ ರೈಫಲ್ ಅಂತ ನಾನು ಹೇಳ್ತಿಲ್ಲ. ಆದರೆ ಅದನ್ನ ಆ ಕುರ್ಚಿ ಮೇಲೆ ಕೂರಿಸಿರೋದು ಸಿನಿಮಾ ಪೋಸ್ಟರ್. ಗುರಿ ಹಲಗೆ ಅಲ್ಲ.

ವಿಷಯ ಏನು ಅಂತಲೇ ಗೊತ್ತಿಲ್ಲದವರಿಗೆ ಎರಡು ಮಾತು. 1860ರಿಂದ 1890ರ ನಡುವೆ ಅಮೆರಿಕದಲ್ಲಿ ಒಂದು ಸಲಕ್ಕೆ ಒಂದೇ ತೋಟಾ ತುಂಬಿ ಹೊಡೆಯೋ ಭಾರದ ರೈಫಲ್‌ಗಳಿದ್ದವು. ಹಿತ್ತಾಳೆ ಕೇಸು, ಒಳಗೆ ಕರಿಮದ್ದು, ತುದಿಯಲ್ಲಿ ಸೀಸದ ಗುಂಡು. ಅದೇ ವಿನ್ಯಾಸವನ್ನ ಇವತ್ತಿನ ಉಕ್ಕಿನಲ್ಲಿ ಹೊಸದಾಗಿ ಮಾಡಿ ಮಾರ್ತಾರೆ. ಅದನ್ನ ಇಟ್ಟುಕೊಂಡು ಜನ ಅರ್ಧ ಕಿಲೋಮೀಟರ್ ಆಚೆ ಇರೋ ಕಬ್ಬಿಣದ ತಗಡಿಗೆ ಗುರಿ ಹೊಡೀತಾರೆ. ದುಬಾರಿ ಆಟ, ನಿಧಾನದ ಆಟ, ಹೊಗೆ ಮಸಿ ತುಂಬಿದ ಆಟ.

‘ನಿನಗೇನು ಗೊತ್ತು’ ಅನ್ನೋರಿಗೆ: ನಾನು ಕೊಡಗಿನವರ ಮನೆ ಮಗು. ಕೈಲ್‌ಪೊಳ್ದ್ ಹಬ್ಬದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯೋದನ್ನ ನೋಡ್ಕೊಂಡೇ ಬೆಳೆದಿದ್ದು. ಎನ್‌ಸಿಸಿಯಲ್ಲಿ .22 ಹೊಡೆದಿದ್ದೀನಿ. ಶಾರ್ಪ್ಸ್ ಕೈಯಲ್ಲಿ ಹಿಡಿದಿಲ್ಲ. ಲೆಕ್ಕ ಮಾಡೋಕೆ ಹಿಡಿಯಬೇಕು ಅಂತೇನೂ ಇಲ್ಲ, ಕಾಸ್ಟಿಂಗ್ ಪೇಪರ್ ಬರೆಯೋರೆಲ್ಲ ಫ್ಯಾಕ್ಟರಿ ಇಟ್ಟಿರ್ತಾರಾ?

2/9

ಮೊದಲು ‘ಡೂಪ್ಲಿಕೇಟ್ ಮಾಲು’ ಅನ್ನೋ ಮಾತು. ರೆಪ್ಲಿಕಾ ಅಂದ ಕೂಡ್ಲೇ ಫುಟ್‌ಪಾತಲ್ಲಿ ಸಿಗೋ ಬ್ರಾಂಡೆಡ್ ಶೂ ನೆನಪಾಗುತ್ತೆ ನಮಗೆ. ಇದು ಅದಲ್ಲ.

ಈ ರೈಫಲ್‌ಗಳ ದೊಡ್ಡ ತವರು ಇಟಲಿಯ ಗಾರ್ದೋನೆ ವಾಲ್ ಟ್ರೊಂಪಿಯಾ. ಬ್ರೆಷಿಯಾ ಪಕ್ಕದ ಕಣಿವೆ, ನೂರಾರು ವರ್ಷದಿಂದ ಅಲ್ಲಿ ಬಂದೂಕು ಮಾಡೋದೇ ಕಸುಬು. ಪೆಡರ್ಸೋಲಿ 1957ರಲ್ಲಿ ಶುರುವಾಯ್ತು, ಉಬೆರ್ಟಿ 1959ರಲ್ಲಿ. ಅಲ್ಲಿ ತಯಾರಾದ ಪ್ರತಿ ಬಂದೂಕೂ ಸರ್ಕಾರಿ ಪರೀಕ್ಷಾ ಕೇಂದ್ರಕ್ಕೆ ಹೋಗಬೇಕು. ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟಾ ಹಾಕಿ ಹೊಡೆದು, ತಡೆದುಕೊಂಡರೆ ಮಾತ್ರ ಮುದ್ರೆ. ಹೆಚ್ಚುಕಮ್ಮಿ ನೂರೈವತ್ತು ವರ್ಷದ ಒರಿಜಿನಲ್ ರೈಫಲ್ ಮ್ಯೂಸಿಯಮ್ಮಿಗೆ ಚೆನ್ನ. ಅದರ ಉಕ್ಕು ಹಳೇದು, ನಳಿಗೆ ಒಳಗೆ ಯಾರ್ಯಾರು ಏನೇನು ಸುಟ್ಟಿದ್ದಾರೋ ಗೊತ್ತಿಲ್ಲ, ಅದನ್ನ ಕೆನ್ನೆಗೆ ಒತ್ತಿಕೊಂಡು ದಿನಕ್ಕೆ 40 ಗುಂಡು ಹೊಡೆಯೋಕೆ ಧೈರ್ಯ ಬೇಕು. ಸ್ಪರ್ಧೆಯ ನಿಯಮಗಳೇ ಒರಿಜಿನಲ್ ಆದ್ರೂ ಸರಿ, ರೆಪ್ಲಿಕಾ ಆದ್ರೂ ಸರಿ ಅನ್ನುತ್ವೆ. ವಿನ್ಯಾಸ 1896ಕ್ಕಿಂತ ಹಿಂದಿನದಾಗಿರಬೇಕು, ಅಷ್ಟೇ.

ಸ್ಪರ್ಧೆ ಹೇಗಿರುತ್ತೆ ಅಂತಲೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ಮುಂದಿನ ಜಗಳ ಅರ್ಥ ಆಗಲ್ಲ. ಅಮೆರಿಕದಲ್ಲಿ 1985ರಿಂದ ನಡೆಯೋ ಸಿಲೂಯೆಟ್ ಅನ್ನೋ ಆಟದಲ್ಲಿ ಕಬ್ಬಿಣದ ಪ್ರಾಣಿಗಳನ್ನ ನಿಲ್ಲಿಸಿರ್ತಾರೆ. ಕೋಳಿ 200 ಮೀಟರ್‌ಗೆ, ಹಂದಿ 300ಕ್ಕೆ, ಟರ್ಕಿ ಕೋಳಿ 385ಕ್ಕೆ, ಟಗರು 500ಕ್ಕೆ. ಬರೀ ತಾಗಿದ್ರೆ ಸಾಲದು, ಬೀಳಬೇಕು. ಕೋಳಿಯನ್ನ ನಿಂತುಕೊಂಡು, ಯಾವ ಆಸರೆಯೂ ಇಲ್ಲದೆ ಹೊಡೀಬೇಕು. ಉಳಿದವಕ್ಕೆ ಎರಡು ಕೋಲನ್ನ ಕತ್ತರಿ ಹಾಕಿ ಅದರ ಮೇಲೆ ನಳಿಗೆ ಇಟ್ಟುಕೊಳ್ಳಬಹುದು. ರೈಫಲ್ ತೂಕ 12 ಪೌಂಡ್ 2 ಔನ್ಸ್ ದಾಟೋ ಹಾಗಿಲ್ಲ, ನಮ್ಮ ಲೆಕ್ಕದಲ್ಲಿ ಐದೂವರೆ ಕೆಜಿ. ಐದೂವರೆ ಕೆಜಿ ಅಕ್ಕಿ ಚೀಲ ಭುಜಕ್ಕೆ ಆನಿಸಿ ಎರಡು ನಿಮಿಷ ಅಲುಗಾಡದೆ ನಿಂತು ನೋಡಿ, ಆಮೇಲೆ ‘ಈಸಿ ಮಗಾ’ ಅನ್ನಿ.

3/9

ಈಗ ಸಿನಿಮಾ. 1990ರ ‘ಕ್ವಿಗ್ಲಿ ಡೌನ್ ಅಂಡರ್’. ಟಾಮ್ ಸೆಲೆಕ್ ಅಮೆರಿಕದಿಂದ ಆಸ್ಟ್ರೇಲಿಯಾಗೆ ಹೋಗ್ತಾನೆ, ಕೈಯಲ್ಲಿ 34 ಇಂಚು ನಳಿಗೆಯ ಶಾರ್ಪ್ಸ್, ದೂರದಲ್ಲಿಟ್ಟ ಬಕೆಟ್‌ಗೆ ಹೊಡೆದು ಎಲ್ಲರ ಬಾಯಿ ಮುಚ್ಚಿಸ್ತಾನೆ. ಆ ರೈಫಲ್ ಕೂಡ ರೆಪ್ಲಿಕಾನೇ. ಮೊಂಟಾನಾದ ಬಿಗ್ ಟಿಂಬರ್ ಅನ್ನೋ ಸಣ್ಣ ಊರಿನ ಶೈಲೋ ಶಾರ್ಪ್ಸ್ ಮಾಡಿಕೊಟ್ಟಿದ್ದು. ಡೂಪ್ಲಿಕೇಟ್ ಅಂತ ಹೀಯಾಳಿಸೋರು ಡೂಪ್ಲಿಕೇಟ್‌ಗೇ ಫ್ಯಾನ್ ಆಗಿರೋದು ತಮಾಷೆ. ಮೊಂಟಾನಾದ ಫೋರ್ಸಿತ್‌ನಲ್ಲಿ ಆ ಪಾತ್ರದ ಹೆಸರಲ್ಲೇ ಜೂನ್ ತಿಂಗಳಲ್ಲಿ ದೊಡ್ಡ ಸ್ಪರ್ಧೆ ನಡೆಯುತ್ತೆ, 805 ಗಜದವರೆಗೂ ಗುರಿಗಳು. ಸಿನಿಮಾ ಈ ಆಟಕ್ಕೆ ಜನ ತಂದುಕೊಡ್ತು ಅನ್ನೋದನ್ನ ಒಪ್ತೀನಿ. ಆದರೆ ಜನ ತಂದದ್ದು ಬೇರೆ, ಯಾವ ರೈಫಲ್ ಒಳ್ಳೇದು ಅಂತ ತೀರ್ಪು ಕೊಡೋದು ಬೇರೆ.

ಕ್ವಿಗ್ಲಿ ರೈಫಲ್‌ನ ತೋಟಾ .45-110. ಮೊದಲ ಅಂಕಿ ಗುಂಡಿನ ದಪ್ಪ, 0.45 ಇಂಚು. ಎರಡನೇದು ಮದ್ದು, 110 ಗ್ರೇನ್, ಅಂದ್ರೆ ಸುಮಾರು 7 ಗ್ರಾಂ. ಮಾಮೂಲಿ .45-70ರಲ್ಲಿ ನಾಲ್ಕೂವರೆ ಗ್ರಾಂ. ಮದ್ದು ಜಾಸ್ತಿ ಆದಷ್ಟೂ ಭುಜಕ್ಕೆ ಒದೆತ ಜಾಸ್ತಿ, ನಳಿಗೆ ಒಳಗೆ ಮಸಿಯೂ ಜಾಸ್ತಿ. ಹೀರೋ ಒಂದು ಸೀನಲ್ಲಿ ಮೂರು ಗುಂಡು ಹೊಡೀತಾನೆ. ನೀವು 40 ಹೊಡೀಬೇಕು. ಇಪ್ಪತ್ತನೇದಕ್ಕೆ ಟ್ರಿಗರ್ ಎಳೆಯೋ ಮೊದಲೇ ಕಣ್ಣು ಮುಚ್ಚೋಕೆ ಶುರುವಾಗುತ್ತೆ. ಆಮೇಲೆ ಯಾವ ಬ್ರಾಂಡ್ ಇದ್ರೇನು.

ಇನ್ನು 1538 ಗಜ. 1874ರ ಜೂನ್, ಟೆಕ್ಸಾಸ್‌ನ ಅಡೋಬಿ ವಾಲ್ಸ್. ಬಿಲ್ಲಿ ಡಿಕ್ಸನ್ ಅನ್ನೋ ಬೇಟೆಗಾರ ಬೇರೆಯವರ ಶಾರ್ಪ್ಸ್ ಇಸ್ಕೊಂಡು ಗುಡ್ಡದ ಮೇಲಿದ್ದ ಒಬ್ಬನನ್ನ ಬೀಳಿಸಿದ ಅಂತ ಕಥೆ. ಆ ದೂರದ ಅಂಕಿ ಆಮೇಲೆ ಅಳೆದು ಹೇಳಿದ್ದು, ಅದರ ಬಗ್ಗೆ ಇವತ್ತಿಗೂ ಜಗಳ ಇದೆ. ಡಿಕ್ಸನ್ ಸ್ವತಃ ಅದನ್ನ ಅದೃಷ್ಟದ ಹೊಡೆತ ಅಂದಿದ್ದ. ಹೊಡೆದವನೇ ಲಕ್ ಅಂದಿದ್ದನ್ನ ನೀವು ಸ್ಪೆಸಿಫಿಕೇಶನ್ ಮಾಡಿಕೊಂಡಿದ್ದೀರಿ. ಒಂದು ದಿನ ಸ್ಟಾಕ್ ಡಬಲ್ ಆಯ್ತು ಅಂತ ಅದನ್ನೇ ವಾರ್ಷಿಕ ರಿಟರ್ನ್ ಅಂತ ಬರೆದ ಹಾಗೆ.

ಅವನು ಯಾರನ್ನ ಹೊಡೆದ ಅಂತ ಆ ರೀಲ್ ಹೇಳಲ್ಲ. ಕೊಮಾಂಚಿ, ಕಯೊವಾ, ಶಾಯೆನ್ ಜನ ತಮ್ಮ ನೆಲದಲ್ಲಿ ಬೈಸನ್ ಹಿಂಡುಗಳನ್ನ ಮುಗಿಸ್ತಿದ್ದ ಬೇಟೆಗಾರರ ಮೇಲೆ ದಾಳಿಗೆ ಬಂದಿದ್ದರು. ನಮ್ಮ ನಾಗರಹೊಳೆಯ ಕಾಟಿ ಅಲ್ಲ, ಅಮೆರಿಕದ ಬೈಸನ್. ಕೋಟಿಗಟ್ಟಲೆ ಇದ್ದದ್ದು 1880ರ ದಶಕದ ಕೊನೆಗೆ ನೂರರ ಲೆಕ್ಕಕ್ಕೆ ಬಂತು, ಚರ್ಮಕ್ಕೋಸ್ಕರ. ಶಾರ್ಪ್ಸ್‌ಗೆ ಹೆಸರು ಬಂದದ್ದು ಮುಖ್ಯವಾಗಿ ಆ ಕೆಲಸದಲ್ಲೇ. ಆ ಹೊಗೆಗೆ ಮಾಸ್ ಬಿಜಿಎಂ ಹಾಕೋ ಮೊದಲು ಒಂದು ಸಲ ಯೋಚನೆ ಮಾಡಬಹುದಿತ್ತು.

4/9

‘ಆದ್ರೆ ಆ ಕಾಲದ ಸ್ಪರ್ಧೆಗಳಲ್ಲೂ ಶಾರ್ಪ್ಸೇ ಅಲ್ವಾ ಗೆದ್ದಿದ್ದು?’ ಡಿಎಂನಲ್ಲಿ ಬಂದ ಒಳ್ಳೇ ಪ್ರಶ್ನೆ.

ಅದೇ 1874ರ ಸೆಪ್ಟೆಂಬರ್. ನ್ಯೂಯಾರ್ಕ್ ಹತ್ತಿರದ ಕ್ರೀಡ್‌ಮೂರ್ ಮೈದಾನ. ಐರ್ಲೆಂಡ್ ವಿರುದ್ಧ ಅಮೆರಿಕ, ತಲಾ ಆರು ಜನ, 800, 900, 1000 ಗಜ. ಐರಿಶ್ ಕೈಯಲ್ಲಿ ಡಬ್ಲಿನ್‌ನ ರಿಗ್ಬಿ ರೈಫಲ್‌ಗಳು, ಬಾಯಿ ಕಡೆಯಿಂದ ಮದ್ದು ತುಂಬೋವು, ನಮ್ಮ ಕಡೆಯ ಕೇಪಿನ ಕೋವಿ ಇದ್ದ ಹಾಗೆ. ಅಮೆರಿಕದ ಕಡೆ ಹಿಂದಿನಿಂದ ತೋಟಾ ತುಂಬೋವು. ಆರರಲ್ಲಿ ಮೂರು ಶಾರ್ಪ್ಸ್, ಮೂರು ರೆಮಿಂಗ್ಟನ್ ರೋಲಿಂಗ್ ಬ್ಲಾಕ್. ಸರಿಯಾಗಿ ಅರ್ಧ ಅರ್ಧ.

ಅಮೆರಿಕ 934, ಐರ್ಲೆಂಡ್ 931.

ಮೂರು ಅಂಕದ ಅಂತರ. ಈಗ ಕೇಳಿ. ಐರಿಶ್ ತಂಡದ ಮಿಲ್ನರ್ ಅನ್ನೋನು ಒಂದು ಗುಂಡನ್ನ ನೇರ ನಡುಮಧ್ಯಕ್ಕೆ ಹೊಡೆದ, ಆದರೆ ಪಕ್ಕದ ಗುರಿ ಹಲಗೆಗೆ. ಸೊನ್ನೆ ಅಂಕ. ಸರಿಯಾದ ಹಲಗೆಗೆ ಹೊಡೆದಿದ್ರೆ ನಾಲ್ಕು ಬರ್ತಿತ್ತು, ಐರ್ಲೆಂಡ್ 935 ಆಗ್ತಿತ್ತು. ಆ ಕಡೆ ಅಮೆರಿಕದ ಕರ್ನಲ್ ಬೋಡಿನ್ ಕೊನೆಯ ಗುಂಡು ಹೊಡೆಯೋ ಮೊದಲು ಬಾಟಲಿ ಒಡೆದು ಕೈ ಕುಯ್ದುಕೊಂಡಿದ್ದ, ರಕ್ತ ಸುರೀತಿದ್ದ ಕೈಗೆ ಬಟ್ಟೆ ಸುತ್ತಿ ನಡುಮಧ್ಯಕ್ಕೆ ಹೊಡೆದ. ಅದು ತಪ್ಪಿದ್ರೆ ಅಮೆರಿಕ ಒಂದು ಅಂಕದಿಂದ ಸೋಲ್ತಿತ್ತು.

ಅಂದ್ರೆ ಹಳೇ ಕಾಲದ ‘ಕೇಪಿನ ಕೋವಿ’ ತಂಡ ಆಗಿನ ಲೇಟೆಸ್ಟ್ ಟೆಕ್ನಾಲಜಿಗೆ ಇಷ್ಟು ಹತ್ತಿರ ಬಂದಿತ್ತು. ಅಂಥ ಆಟದಲ್ಲಿ ‘ಶಾರ್ಪ್ಸ್ ಬಿಟ್ರೆ ಡಬ್ಬಾ’ ಅಂತ ಬರೆಯೋಕೆ ಎಷ್ಟು ಧೈರ್ಯ ಬೇಕು ಹೇಳಿ. ಇನ್ನೊಂದು ಸಣ್ಣ ಮಾತು. 1881ಕ್ಕೆಲ್ಲ ಶಾರ್ಪ್ಸ್ ಕಂಪನಿ ತಯಾರಿಕೆಯನ್ನೇ ನಿಲ್ಲಿಸ್ತು. ಕಂಪನಿ ಹೋಯ್ತು, ಹೆಸರು ಉಳೀತು. ಸೆಕೆಂಡ್ ಇಯರ್ ಅಕೌಂಟ್ಸಲ್ಲಿ ಗುಡ್‌ವಿಲ್ ಚಾಪ್ಟರ್‌ಗೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಗಲ್ಲ. ನಾವು ಇವತ್ತು ದುಡ್ಡು ಕೊಡೋದು ಎಷ್ಟೋ ಸಲ ಆ ಗುಡ್‌ವಿಲ್‌ಗೆ.

5/9

ಈಗ ಯಂತ್ರದ ವಿಷಯ. ಇದನ್ನ ಸ್ಕ್ರೋಲ್ ಮಾಡಿ ದಾಟಬೇಡಿ, ಜಗಳದ ತಿರುಳು ಇಲ್ಲೇ ಇರೋದು.

ಮೂರು ಜಾತಿ ಇಟ್ಟುಕೊಳ್ಳೋಣ. ಶಾರ್ಪ್ಸ್, ರೋಲಿಂಗ್ ಬ್ಲಾಕ್, ಮತ್ತೆ ವಿಂಚೆಸ್ಟರ್ 1885 ಹೈ ವಾಲ್. ಹೈ ವಾಲ್ ವಿನ್ಯಾಸ ಜಾನ್ ಬ್ರೌನಿಂಗ್‌ದು. 1879ರಲ್ಲಿ ಪೇಟೆಂಟ್ ತಗೊಂಡಾಗ ಅವನಿಗೆ ನಮಗಿಂತ ನಾಲ್ಕೈದು ವರ್ಷ ಜಾಸ್ತಿ ಅಷ್ಟೇ. ಆಮೇಲೆ ವಿಂಚೆಸ್ಟರ್ ಅದನ್ನ ಕೊಂಡುಕೊಳ್ತು.

ಶಾರ್ಪ್ಸ್‌ನಲ್ಲಿ ಕೆಳಗಿನ ಲಿವರ್ ಎಳೆದ್ರೆ ನಳಿಗೆಯ ಹಿಂಬಾಗಿಲು ಮುಚ್ಚೋ ಉಕ್ಕಿನ ತುಂಡು ಕೆಳಗೆ ಇಳಿಯುತ್ತೆ. ಗಟ್ಟಿ ಯಂತ್ರ, ಅನುಮಾನ ಬೇಡ. ಸಮಸ್ಯೆ ಅದರ ಹ್ಯಾಮರ್. ಅದು ದೊಡ್ಡದು, ಭಾರ, ಪಕ್ಕದಲ್ಲಿ ಕೂತಿರುತ್ತೆ, ದೂರದಿಂದ ಬೀಸಿ ಬೀಳುತ್ತೆ. ಪಕ್ಕದಿಂದ ಬಿದ್ದ ಏಟು ಒಳಗೆ ತಿರುಗಿ ನಡುವಿನ ಪ್ರೈಮರ್ ಮುಟ್ಟಬೇಕು. ಟ್ರಿಗರ್ ಎಳೆದ ಕ್ಷಣಕ್ಕೂ ಮದ್ದು ಹೊತ್ತೋ ಕ್ಷಣಕ್ಕೂ ನಡುವಿನ ಸಮಯವನ್ನ ಲಾಕ್ ಟೈಮ್ ಅಂತಾರೆ. ಕಣ್ಣು ಮಿಟುಕಿಸೋದಕ್ಕಿಂತ ಕಡಿಮೆ ಹೊತ್ತು, ನಿಜ. ಆದರೆ ಕೋಳಿಗೆ ಹೊಡೆಯುವಾಗ ನಿಂತಿರ್ತೀರಿ, ಐದೂವರೆ ಕೆಜಿ ಕೈಯಲ್ಲಿ ತೂಗ್ತಾ ಇರುತ್ತೆ, ನಳಿಗೆ ತುದಿ ಎಂಟಂಕಿ ಬರೀತಾ ಇರುತ್ತೆ. ಆ ಎಂಟಂಕಿಯ ನಡುವೆ ಟ್ರಿಗರ್ ಎಳೆದಿರ್ತೀರಿ. ಭಾರದ ಹ್ಯಾಮರ್ ಬೀಳೋ ಅದುರು ಬೇರೆ. ಅನುಭವ ಇರೋರು ಸಂಭಾಳಿಸ್ತಾರೆ. ಹೊಸಬರಿಗೆ ‘ಸರಿಯಾಗೇ ಎಳೆದೆ, ಆದ್ರೂ ಹೋಯ್ತು’ ಅನ್ನೋ ಗೊಂದಲ. ತಪ್ಪು ಕೈಯದ್ದಾ ಯಂತ್ರದ್ದಾ ಅಂತ ಗೊತ್ತಾಗದಿದ್ರೆ ಕಲಿಯೋದು ಹೇಗೆ?

ಹೈ ವಾಲ್‌ನಲ್ಲೂ ತುಂಡು ಕೆಳಗೇ ಇಳಿಯೋದು. ಆದರೆ ಹ್ಯಾಮರ್ ನಡುವಿನಲ್ಲಿದೆ, ಸಣ್ಣದು, ನೇರ ಹಿಂದಿನಿಂದ ಸ್ವಲ್ಪವೇ ದೂರ ಬೀಳುತ್ತೆ. ವಿನ್ಯಾಸ ಎಷ್ಟು ಗಟ್ಟಿ ಅಂದ್ರೆ ಕರಿಮದ್ದಿನ ಕಾಲ ಮುಗಿದ ಮೇಲೂ ಹೊಸ ಮದ್ದಿನ ತೋಟಾಗಳಿಗೆ ಅದನ್ನ ಬಳಸಿದ್ರು. ಕಲಿಯೋರಿಗೆ ನನ್ನ ವೋಟು ಇದಕ್ಕೇ.

ರೋಲಿಂಗ್ ಬ್ಲಾಕ್ ಮೂರರಲ್ಲಿ ಅತಿ ಸರಳ. ಹ್ಯಾಮರ್ ಹಿಂದಕ್ಕೆ, ಹೆಬ್ಬೆರಳಲ್ಲಿ ಬ್ಲಾಕ್ ಹಿಂದಕ್ಕೆ ಉರುಳಿಸು, ತೋಟಾ ಹಾಕು, ಮುಚ್ಚು. ಹೊಡೆದಾಗ ಹ್ಯಾಮರ್‌ನ ಬುಡವೇ ಬ್ಲಾಕ್ ಕೆಳಗೆ ಬಂದು ಬೀಗ ಹಾಕುತ್ತೆ. ಲಿವರ್ ಇಲ್ಲದ್ದರಿಂದ ಮಲಗಿ ಹೊಡೆಯುವಾಗ ಒಂದು ಲಾಭ, ತುಂಬೋಕೆ ರೈಫಲ್ ಎತ್ತಬೇಕಾಗಿಲ್ಲ. ಡೆನ್ಮಾರ್ಕ್ 1867ರಲ್ಲೇ ಸೈನ್ಯಕ್ಕೆ ತಗೊಳ್ತು, ಆಮೇಲೆ ಸ್ವೀಡನ್, ಸ್ಪೇನ್, ಈಜಿಪ್ಟ್. ಕೊರತೆಯೂ ಇದೆ: ಮಸಿ ಹಿಡಿದು ಕೇಸು ಅಂಟಿಕೊಂಡ್ರೆ ಹೊರಗೆ ಎಳೆಯೋಕೆ ಲಿವರ್‌ನ ಬಲ ಸಿಗಲ್ಲ, ತುಸು ದಪ್ಪಗಾದ ತೋಟಾವನ್ನ ಒಳಗೆ ಒತ್ತೋಕೂ ಆಗಲ್ಲ. ತೋಟಾ ತಯಾರಿಯಲ್ಲಿ ಶಿಸ್ತು ಇದ್ದೋರಿಗೆ ಇದು ತೊಂದರೆಯೇ ಅಲ್ಲ. ಸೋಮಾರಿಗಳಿಗೆ ಬೇಡ.

6/9

ದುಡ್ಡಿನ ವಿಷಯ. ನಮ್ಮ ದೊಡ್ಡಪ್ಪನ ಮಗ ಕೊಲರಾಡೋದಲ್ಲಿದ್ದಾನೆ. ಗ್ರೀನ್ ಕಾರ್ಡ್ ಬಂದಿದೆ, ಭಾನುವಾರ ಶೂಟಿಂಗ್ ರೇಂಜ್‌ಗೆ ಹೋಗ್ತಾನೆ. ಈ ಸರಣಿ ಬರೆಯೋಕೆ ನಿಜವಾದ ಕಾರಣ ಅವನೇ. ಕಾಲ್ ಮಾಡಿ ಹೇಳಿದ, ‘ಎರಡು ವರ್ಷದಿಂದ ದುಡ್ಡು ಎತ್ತಿಟ್ಟಿದ್ದೀನಿ. ಕ್ವಿಗ್ಲಿ ರೈಫಲ್ಲೇ ತಗೋತೀನಿ.’

‘ಅಣ್ಣ, ಸೈಟ್‌ಗೆ ಎಷ್ಟು ಇಟ್ಟಿದ್ದೀಯ?’

‘ಯಾವ ಸೈಟು? ಮೈಸೂರಲ್ಲಾ?’

ಇದೇ ನಾನು ಹೇಳೋಕೆ ಹೊರಟಿರೋದು. ಪೂರ್ತಿ ದುಡ್ಡು ರೈಫಲ್ ಮೇಲೆ ಸುರಿದು, ಗುರಿ ನೋಡೋ ಸಾಧನಕ್ಕೆ ಸೊನ್ನೆ.

ಮಾರ್ಕೆಟ್ ಹೀಗಿದೆ. ಬಿಗ್ ಟಿಂಬರ್‌ನ ಶೈಲೋ, ಅದೇ ಊರಿನ ಸಿ. ಶಾರ್ಪ್ಸ್ ಆರ್ಮ್ಸ್, ಇವೆರಡೂ ಅಮೆರಿಕದಲ್ಲೇ ಮಾಡೋವು. ಕೆಲಸ ಅಚ್ಚುಕಟ್ಟು, ಬೆಲೆ ಮೇಲೆ, ಆರ್ಡರ್ ಕೊಟ್ಟು ಕಾಯಬೇಕು. ಇಟಲಿಯವರಲ್ಲಿ ಪೆಡರ್ಸೋಲಿ ಟಾರ್ಗೆಟ್ ಶೂಟಿಂಗ್‌ನ ಗಂಭೀರವಾಗಿ ತಗೊಂಡಿರೋ ಕಂಪನಿ. ಶಾರ್ಪ್ಸ್ ಮತ್ತೆ ರೋಲಿಂಗ್ ಬ್ಲಾಕ್ ಎರಡರಲ್ಲೂ ಹಲವು ಮಾದರಿ, ಹಗುರ ಟ್ರಿಗರ್, ಸೈಟ್‌ಗಳನ್ನೂ ಅವರೇ ಮಾರ್ತಾರೆ. ಉಬೆರ್ಟಿಯ ಹೈ ವಾಲ್ ಅಷ್ಟು ಶೃಂಗಾರ ಇಲ್ಲದ್ದು, ಆದರೆ .45-70ರಲ್ಲಿ ಉದ್ದ ನಳಿಗೆ ಸಿಗುತ್ತೆ. ಜಪಾನಿನ ಮಿರೋಕು ಫ್ಯಾಕ್ಟರಿ ಬ್ರೌನಿಂಗ್ ಮತ್ತೆ ವಿಂಚೆಸ್ಟರ್ ಹೆಸರಲ್ಲಿ 1885 ಮಾಡಿಕೊಟ್ಟಿದೆ. ಅದರಲ್ಲಿ ಬ್ರೌನಿಂಗ್ ಬಿಪಿಸಿಆರ್ ಅಂತಲೇ ಒಂದು ಮಾದರಿ ಈ ಆಟಕ್ಕಾಗಿಯೇ ಬಂದಿತ್ತು, ಈಗ ಸೆಕೆಂಡ್ ಹ್ಯಾಂಡಲ್ಲಿ ಹುಡುಕಬೇಕು. ಚಿಯಾಪ್ಪಾದವರ ಶಾರ್ಪ್ಸ್ ಕೂಡ ಇದೆ.

ನೋಡಬೇಕಾದ್ದು ಹೆಸರಲ್ಲ. ನಳಿಗೆ ಒಳಗಿನ ತಿರುಪು ಗೆರೆ ಎಷ್ಟು ಇಂಚಿಗೆ ಒಂದು ಸುತ್ತು? 500 ಗ್ರೇನ್ ದಾಟಿದ ಉದ್ದನೆಯ ಗುಂಡು ದೂರದವರೆಗೂ ನೆಟ್ಟಗೆ ಹೋಗಬೇಕಾದ್ರೆ .45ರಲ್ಲಿ 18 ಇಂಚಿಗೆ ಒಂದು ಸುತ್ತು ಬೇಕು. 1873ರ ಸೇನಾ ರೈಫಲ್‌ಗಳಲ್ಲಿ 22 ಇಂಚಿಗೆ ಒಂದು ಇತ್ತು, ಅವು ಗಿಡ್ಡ ಗುಂಡಿಗೆ ಮಾಡಿದ್ದು. ಆಮೇಲೆ ತೂಕ. 34 ಇಂಚಿನ ದಪ್ಪ ನಳಿಗೆ ತಗೊಂಡು ಸಿಲೂಯೆಟ್‌ನ ತಕ್ಕಡಿಯಲ್ಲಿ ಇಟ್ಟಾಗ ಮಿತಿ ದಾಟಿದ್ರೆ ನಿಮ್ಮ ಹೀರೋಗಿರಿ ಅಲ್ಲಿಗೇ ಮುಗೀತು.

7/9

ಸೈಟ್. ಮೈಸೂರಿನದ್ದಲ್ಲ.

.45-70ರ ಗುಂಡು ಸೆಕೆಂಡಿಗೆ ಸುಮಾರು 365 ಮೀಟರ್ ವೇಗದಲ್ಲಿ ಹೊರಡುತ್ತೆ. ಇವತ್ತಿನ ರೈಫಲ್‌ಗಳ ಅರ್ಧವೂ ಇಲ್ಲ. 500 ಮೀಟರ್ ತಲುಪೋಕೆ ಒಂದೂವರೆ ಸೆಕೆಂಡಿಗೂ ಜಾಸ್ತಿ ಬೇಕು. ಅಷ್ಟು ಹೊತ್ತಲ್ಲಿ ಭೂಮಿ ಅದನ್ನ ಎಷ್ಟು ಎಳೆಯುತ್ತೆ? ಪಿಯುಸಿಯಲ್ಲಿ ಸೈನ್ಸ್ ಓದಿದವರು ಲೆಕ್ಕ ಹಾಕಿ, ನಾನು ಕಾಮರ್ಸ್, ಆದ್ರೂ ಹಾಕಿದೆ: ಹತ್ತು ಮೀಟರ್‌ಗಿಂತ ಜಾಸ್ತಿ, ಹತ್ತಿರ ಹತ್ತಿರ ಹನ್ನೆರಡು. ನಾಲ್ಕು ಮಹಡಿ ಎತ್ತರ. ಅಂದ್ರೆ ಟಗರಿಗೆ ಗುರಿ ಇಟ್ಟಾಗ ನಳಿಗೆ ನಿಜವಾಗಿ ನೋಡ್ತಾ ಇರೋದು ನಾಲ್ಕು ಮಹಡಿ ಮೇಲಿನ ಗಾಳಿಯನ್ನ.

ಈಗ ರೈಫಲ್ ಒಂದು ಡಿಗ್ರಿ ಪಕ್ಕಕ್ಕೆ ವಾಲಿದೆ ಅಂದ್ಕೊಳ್ಳಿ. ಒಂದೇ ಡಿಗ್ರಿ, ಕಣ್ಣಿಗೆ ಗೊತ್ತೇ ಆಗಲ್ಲ. ಆ ಹನ್ನೆರಡು ಮೀಟರ್‌ನ ಏರಿಕೆಯೂ ಒಂದು ಡಿಗ್ರಿ ವಾಲುತ್ತೆ. ಗುಂಡು ಪಕ್ಕಕ್ಕೆ ಸುಮಾರು 20 ಸೆಂಟಿಮೀಟರ್ ಹೋಗುತ್ತೆ. ನೀವು ಎಳೆದದ್ದು ಸರಿ, ಗಾಳಿ ಇಲ್ಲ, ರೈಫಲ್ ಶೈಲೋ ಕಂಪನಿದೇ. ಆದ್ರೂ ಗುಂಡು ಟಗರಿನ ನಡುಹೊಟ್ಟೆ ಬಿಟ್ಟು ತೊಡೆಯ ಅಂಚಿಗೆ.

ಇದಕ್ಕೆ ಪರಿಹಾರ ಏನು ಗೊತ್ತಾ? ಗಾರೆ ಮೇಸ್ತ್ರಿ ಗೋಡೆ ಮೇಲೆ ಇಡ್ತಾರಲ್ಲ, ರಸಮಟ್ಟ. ಅದರದ್ದೇ ಪುಟಾಣಿ ರೂಪ ಮುಂದಿನ ಸೈಟ್ ಒಳಗೆ ಕೂತಿರುತ್ತೆ, ಗುಳ್ಳೆ ನಡುವೆ ಬಂದಾಗ ಮಾತ್ರ ಹೊಡೀಬೇಕು. ಹಿಂದಿನ ಸೈಟ್ ಕೈಹಿಡಿಕೆ ಹತ್ತಿರ ನಿಲ್ಲೋ ಎತ್ತರದ ಏಣಿ, ಸಣ್ಣ ತೂತು, ವರ್ನಿಯರ್ ಅಳತೆ. ಒಂದು ಮಿನಿಟ್ ಕೋನ ಬದಲಾದ್ರೆ 500 ಮೀಟರ್‌ನಲ್ಲಿ ಹದಿನಾಲ್ಕೂವರೆ ಸೆಂಟಿಮೀಟರ್ ವ್ಯತ್ಯಾಸ. ಸ್ಕ್ರೂ ಸಡಿಲ ಇರೋ ಅಗ್ಗದ ಸೈಟ್ ಪ್ರತಿ ಒದೆತಕ್ಕೂ ಜರುಗುತ್ತೆ, ನೀವು ಮಾತ್ರ ಗಾಳಿಯನ್ನ ಬೈತಾ ಕೂತಿರ್ತೀರಿ. ಗಂಟೆಗೆ 10 ಮೈಲಿ ಅಡ್ಡಗಾಳಿ ಬೀಸಿದ್ರೆ ಗುಂಡು ಒಂದು ಮೀಟರ್‌ಗೂ ಹೆಚ್ಚು ಸರಿಯುತ್ತೆ, ಅದನ್ನ ತಿದ್ದೋಕೂ ಅದೇ ಸೈಟ್ ಬೇಕು.

ಒಳ್ಳೇ ಸೈಟ್ ಜೋಡಿಗೆ ನೂರಾರು ಡಾಲರ್. ರೈಫಲ್‌ಗೆ ಹೋಲಿಸಿದ್ರೆ ಕಡಿಮೆ, ಎಲ್ಲಾ ದುಡ್ಡು ಖಾಲಿ ಮಾಡಿಕೊಂಡವರಿಗೆ ಜಾಸ್ತಿ. ಸಾಧಾರಣ ರೈಫಲ್ ಮೇಲೆ ಒಳ್ಳೇ ಸೈಟ್ ಕೂರಿಸಿದವನು, ಬೆಳ್ಳಿ ಕೆತ್ತನೆಯ ಶಾರ್ಪ್ಸ್ ಮೇಲೆ ಡಬ್ಬಾ ಸೈಟ್ ಇಟ್ಟವನನ್ನ ಮಧ್ಯಾಹ್ನದೊಳಗೆ ಹಿಂದೆ ಹಾಕ್ತಾನೆ. ಇದಕ್ಕೇ ಆಪರ್ಚುನಿಟಿ ಕಾಸ್ಟ್ ಅನ್ನೋದು.

8/9

ಮದ್ದಿನ ಬಗ್ಗೆ ಚಿಕ್ಕದಾಗಿ, ಯಾಕಂದ್ರೆ ಆ ರೀಲ್‌ನಲ್ಲಿ ಇದು ಒಂದಕ್ಷರವೂ ಇಲ್ಲ.

ಪೆಟ್ಲುಪ್ಪು 75 ಪಾಲು, ಇದ್ದಿಲು 15, ಗಂಧಕ 10. ಸುಟ್ಟಾಗ ಅರ್ಧಕ್ಕೂ ಹೆಚ್ಚು ಮಸಿ, ಉಪ್ಪಾಗಿ ಉಳಿಯುತ್ತೆ. ಒಣ ಹವೆಯಲ್ಲಿ ಅದು ನಳಿಗೆ ಒಳಗೆ ಹೆಂಚಿನ ತಳದ ಹಾಗೆ ಗಟ್ಟಿಯಾಗುತ್ತೆ, ಮುಂದಿನ ಗುಂಡು ಹಾಳು. ಅದಕ್ಕೇ ಪ್ರತಿ ಗುಂಡಿನ ನಂತರ ಒಂದು ಕೊಳವೆ ಇಟ್ಟು ಹಿಂದಿನಿಂದ ಬಾಯಲ್ಲಿ ಊದ್ತಾರೆ. ಉಸಿರಿನ ತೇವಕ್ಕೆ ಮಸಿ ಮೆತ್ತಗಾಗುತ್ತೆ. ಇಲ್ಲಾ ಒದ್ದೆ ಬಟ್ಟೆ ತೂರಿಸಿ ಒರೆಸ್ತಾರೆ. ಎಷ್ಟು ಸಲ ಊದಬೇಕು ಅನ್ನೋದನ್ನ ಆ ದಿನದ ಬಿಸಿಲು ನೋಡಿ ತೀರ್ಮಾನ ಮಾಡ್ತಾರೆ. ಗುಂಡನ್ನ ಸೀಸಕ್ಕೆ ತವರ ಬೆರೆಸಿ, ಇಪ್ಪತ್ತಕ್ಕೆ ಒಂದರ ಲೆಕ್ಕದಲ್ಲಿ, ಮನೆಯಲ್ಲೇ ಅಚ್ಚು ಹಾಕೋರು ಬಹಳ. ಕೇಸಿನಲ್ಲಿ ಮದ್ದಿನ ಮೇಲೆ ಗಾಳಿ ಜಾಗ ಬಿಡಲೇಬಾರದು. ಇದು ಬರೀ ಗುರಿಯ ಪ್ರಶ್ನೆ ಅಲ್ಲ, ಜೀವದ ಪ್ರಶ್ನೆ. ಹಾಗೇ ಕರಿಮದ್ದಿನ ಅಳತೆಗೆ ಈಗಿನ ಹೊಗೆರಹಿತ ಮದ್ದು ತುಂಬಿದ್ರೆ ರೈಫಲ್ ಒಡೆದು ಹೊಡೆದವನ ಮುಖಕ್ಕೇ ಬರುತ್ತೆ, ಶಾರ್ಪ್ಸ್ ಆಗಲಿ ಮತ್ತೊಂದಾಗಲಿ.

ಊದೋದು, ಒರೆಸೋದು, ಅಚ್ಚು ಹಾಕೋದು, ತೂಗೋದು. ಆಟದ ಮುಕ್ಕಾಲು ಭಾಗ ಇದು. ರೀಲ್ ಆಗಲ್ಲ, ಅದಕ್ಕೇ ಯಾರೂ ತೋರಿಸಲ್ಲ.

9/9

ಎದುರು ಪಾರ್ಟಿಯ ಗಟ್ಟಿ ವಾದ ಬಿಟ್ಟು ಓಡಿಹೋದೆ ಅನ್ನಬೇಡಿ. ಗೆಲ್ಲೋರಲ್ಲಿ ಶಾರ್ಪ್ಸ್ ಹಿಡಿದವರು ಬೇಕಾದಷ್ಟಿದ್ದಾರೆ. ನಿಜ. ಆದರೆ ಅವರು ವರ್ಷಗಟ್ಟಲೆ ಆ ಹ್ಯಾಮರ್ ಜೊತೆ ಬದುಕಿದವರು, ಸೈಟ್‌ಗೆ ರೈಫಲ್‌ನಷ್ಟೇ ಗಮನ ಕೊಟ್ಟವರು, ಮದ್ದನ್ನ ಚಿನ್ನದ ಹಾಗೆ ತೂಗೋರು. ಅವರ ಕೈಗೆ ರೋಲಿಂಗ್ ಬ್ಲಾಕ್ ಕೊಟ್ರೂ ಗೆಲ್ತಾರೆ. ‘ಚೆನ್ನಾಗಿ ಕಾಣುತ್ತೆ, ಅದಕ್ಕೆ ತಗೊಂಡೆ’ ಅಂದ್ರೆ ನನ್ನ ಜಗಳವೇ ಇಲ್ಲ, ಅದು ಪ್ರಾಮಾಣಿಕ ಉತ್ತರ. ಚೆಂದಕ್ಕೆ ತಗೊಂಡದ್ದನ್ನ ‘ಬೆಸ್ಟ್’ ಅಂತ ಹೊಸಬರ ತಲೆಗೆ ಕಟ್ಟೋದು ಬೇರೆ.

ಇನ್ನೊಂದು, ಇದು ಊರಿನ ಹುಡುಗರಿಗೆ. ಆ ರೀಲ್ ನೋಡಿ ಇಬ್ಬರು ಮನೆಯ ಕೋವಿ ಹಿಡಿದು ಅದೇ ಬಿಜಿಎಂಗೆ ವಿಡಿಯೋ ಹಾಕಿದ್ರು. ಕೊಡಗಿನವರಿಗೆ ಲೈಸೆನ್ಸ್‌ನಿಂದ ಇರೋ ವಿನಾಯಿತಿ 2029ರವರೆಗೆ ಅಷ್ಟೇ ವಿಸ್ತರಣೆ ಆಗಿರೋದು, ಅದನ್ನ ತೆಗೀಬೇಕು ಅಂತ ಕೋರ್ಟಿಗೆ ಹೋದವರೂ ಇದ್ದಾರೆ. 2019ರ ತಿದ್ದುಪಡಿ ಪ್ರಕಾರ ಸಂಭ್ರಮಕ್ಕೆ ಅಂತ ಬೇಕಾಬಿಟ್ಟಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದ್ರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲಾ ಎರಡೂ. ತೆಂಗಿನಕಾಯಿಗೆ ಹೊಡೆಯೋಕೆ ಸಾಲಲ್ಲಿ ನಿಂತಾಗ ಹಿರಿಯರು ಮೊದಲು ಹೇಳೋದು ನಳಿಗೆ ಎತ್ತ ತಿರುಗಿದೆ ನೋಡು ಅಂತ. ನಿಮ್ಮ ವಿಡಿಯೋದಲ್ಲಿ ಅದು ಕ್ಯಾಮೆರಾ ಹಿಡಿದಿರೋ ಫ್ರೆಂಡ್ ಕಡೆಗೇ ತಿರುಗಿದೆ. ಡಿಲೀಟ್ ಮಾಡಿ, ಇವತ್ತೇ.

‘ಹಾಗಾದ್ರೆ ನೀನಾಗಿದ್ರೆ ಯಾವುದು ತಗೋತಿದ್ದೆ?’ ಅಂತ ಹನ್ನೊಂದು ಜನ ಕೇಳಿದ್ದೀರಿ. ಹೈ ವಾಲ್. .45-70. 30 ಇಂಚು ನಳಿಗೆ, 18 ಇಂಚಿಗೆ ಒಂದು ಸುತ್ತು. ಕೆತ್ತನೆ, ಬೆಳ್ಳಿ ಬಣ್ಣ ಏನೂ ಬೇಡ. ಉಳಿದ ದುಡ್ಡಲ್ಲಿ ರಸಮಟ್ಟ ಇರೋ ಮುಂದಿನ ಸೈಟ್, ವರ್ನಿಯರ್ ಇರೋ ಹಿಂದಿನ ಸೈಟ್, ಒಂದು ಗುಂಡಿನ ಅಚ್ಚು, ಮತ್ತೆ ಒಂದು ವರ್ಷಕ್ಕಾಗೋ ಮದ್ದು. ಅಣ್ಣನಿಗೂ ಇದೇ ಪಟ್ಟಿ ಕಳಿಸಿದ್ದೀನಿ. ಬ್ಲೂ ಟಿಕ್ ಬಂದು ನಾಲ್ಕು ದಿನ ಆಯ್ತು.

#ಕರಿಮದ್ದು #ಹೈವಾಲ್ #ರೋಲಿಂಗ್‌ಬ್ಲಾಕ್ #ಶಾರ್ಪ್ಸ್‌ಭಕ್ತರೇಬನ್ನಿ